ಹಳೆಯ ಮಿನಿ ಬೈಕಿನ ಗುರುತು ಮತ್ತು ದುರಸ್ತಿ

ಅಮೆರಿಕದ ಜನರಲ್ಲಿ, ಮನೆಗೆ ಬೇಡವಾದ ಸಾಮಾನುಗಳನ್ನು ಅಂಗಳದಲ್ಲಿ ಹರಡಿ ಮಾರುವ ವಾಡಿಕೆಯುಂಟು. ಕುರ್ಚಿ, ಪುಸ್ತಕ, ಪಾತ್ರೆಗಳ ನಡುವೆ ಕೆಲವೊಮ್ಮೆ ತುಕ್ಕು ಹಿಡಿದ ಪುಟ್ಟ ದ್ವಿಚಕ್ರ ವಾಹನವೊಂದು ನಿಂತಿರುತ್ತದೆ. ಇದೇ ಮಿನಿ ಬೈಕು. 1960ರ ದಶಕದಲ್ಲಿಯೂ 1970ರ ದಶಕದ ಮೊದಲ ವರ್ಷಗಳಲ್ಲಿಯೂ ಆ ದೇಶದ ಹುಡುಗರು ಇದನ್ನು ಬಯಲುಗಳಲ್ಲಿ ಓಡಿಸಿ ನಲಿದರು. ಬಾಗಿಸಿ ಬೆಸೆದ ಉಕ್ಕಿನ ಕೊಳವೆಗಳ ಚೌಕಟ್ಟು, ಚಿಕ್ಕ ಗಾಲಿಗಳು, ಹುಲ್ಲು ಕತ್ತರಿಸುವ ಯಂತ್ರದ ಜಾತಿಗೆ ಸೇರಿದ ಎಂಜಿನ್ನು, ಒಂದು ಸರಪಳಿ: ಇಷ್ಟೇ ಅದರ ಸಂಸಾರ. ಗೇರುಗಳು ಸಾಮಾನ್ಯವಾಗಿ ಇರುವುದಿಲ್ಲ.

ಇಂಥದೊಂದನ್ನು ಅಗ್ಗವಾಗಿ ಕೊಂಡು, ಸರಿಪಡಿಸಿ, ಮಕ್ಕಳ ಕೈಗೆ ಕೊಡಬೇಕೆಂದು ಬಯಸುವವರಿದ್ದಾರೆ. ‘ಇದು ಯಾವ ಕಂಪನಿಯದು?’ ಎಂಬುದೇ ಅವರ ಮೊದಲ ಪ್ರಶ್ನೆ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಈ ಎಂಜಿನ್ನು ಎಷ್ಟು ವೇಗದಲ್ಲಿ ತಿರುಗಬೇಕೆಂದು ನಿರ್ಮಿತವಾಗಿದೆ? ಆ ಮಿತಿಯನ್ನು ಕಾಯುವ ಅಂಗ ಇನ್ನೂ ಅದರಲ್ಲಿ ಉಳಿದಿದೆಯೆ? ಈ ಎರಡಕ್ಕೂ ಉತ್ತರ ದೊರೆತ ಮೇಲೆಯೇ ವಾಹನವನ್ನು ಓಡಿಸಬೇಕು.

ಮೊದಲು ಗುರುತಿನ ವಿಚಾರ. ಮಿನಿ ಬೈಕುಗಳನ್ನು ಮಾಡಿದ ಕಾರ್ಖಾನೆಗಳು ಅನೇಕ. ಚೌಕಟ್ಟಿಗೆ ಅಂಟಿಸಿದ ಹೆಸರಿನ ಚೀಟಿ ಮಳೆಬಿಸಿಲಿಗೆ ಅಳಿದುಹೋಗಿರುತ್ತದೆ, ಬಣ್ಣವೂ ಬದಲಾಗಿರಬಹುದು. ಆದರೆ ಎಂಜಿನ್ನುಗಳು ಬಹುಮಟ್ಟಿಗೆ ಬ್ರಿಗ್ಸ್ ಅಂಡ್ ಸ್ಟ್ರಾಟನ್, ಟೆಕಮ್ಸೆ ಮೊದಲಾದ ಕೆಲವೇ ಕಂಪನಿಗಳವು. ಆದುದರಿಂದ ಚೌಕಟ್ಟನ್ನು ಬಿಟ್ಟು ಎಂಜಿನ್ನನ್ನೇ ವಿಚಾರಿಸುವುದು ಜಾಣತನ. ಆ ಕಾಲದ ಬ್ರಿಗ್ಸ್ ಎಂಜಿನ್ನಿನ ಫ್ಲೈವೀಲನ್ನು ಮುಚ್ಚುವ ತಗಡಿನ ಮೇಲೆ ಸಂಖ್ಯೆಗಳನ್ನು ಒತ್ತಿರುತ್ತಾರೆ. 130202 ಎಂದಿದ್ದರೆ, ಮೊದಲ ಎರಡು ಅಂಕೆಗಳು ಸಿಲಿಂಡರಿನ ಗಾತ್ರ ಸುಮಾರು 13 ಘನ ಅಂಗುಲವೆಂದು ಹೇಳುತ್ತವೆ. ಇದು 5 ಅಶ್ವಶಕ್ತಿಯ ಎಂಜಿನ್ನು. 80202 ಎಂದಿದ್ದರೆ ಗಾತ್ರ ಸುಮಾರು 8 ಘನ ಅಂಗುಲ, ಶಕ್ತಿ 3 ಅಶ್ವಶಕ್ತಿ. ‘ಕೋಡ್’ ಎಂಬ ಸಂಖ್ಯೆಯ ಮೊದಲ ಎರಡು ಅಂಕೆಗಳು ವರ್ಷವನ್ನು, ಅನಂತರದ ಎರಡು ತಿಂಗಳನ್ನು, ಆಮೇಲಿನ ಎರಡು ದಿನವನ್ನು ಸೂಚಿಸುತ್ತವೆ. 690512 ಎಂದು ಆರಂಭವಾದರೆ ಆ ಎಂಜಿನ್ನು 1969ರ ಮೇ 12ರಂದು ತಯಾರಾದುದು.

ಆದರೆ ತಗಡನ್ನು ಬೇರೊಂದು ಎಂಜಿನ್ನಿನಿಂದ ಕಿತ್ತು ಇಲ್ಲಿಗೆ ಜೋಡಿಸಿರಬಾರದೇಕೆ? ಸಂಶಯವಿದ್ದರೆ ಅಳತೆಯೇ ಪ್ರಮಾಣ. ಸಿಲಿಂಡರಿನ ತಲೆಯನ್ನು ಬಿಚ್ಚಿ ಒಳವ್ಯಾಸವನ್ನು ಅಳೆಯೋಣ; ಪಿಸ್ಟನ್ನಿನ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ಥಾನಗಳ ಅಂತರವನ್ನೂ ಅಳೆಯೋಣ. ವ್ಯಾಸ 6.51 ಸೆಂಟಿಮೀಟರ್, ಅಂತರ 6.19 ಸೆಂಟಿಮೀಟರ್ ಬಂದರೆ ಗಾತ್ರ 206 ಘನ ಸೆಂಟಿಮೀಟರ್, ಅಂದರೆ 12.57 ಘನ ಅಂಗುಲ. ಇದನ್ನೇ ಕಂಪನಿಯವರು ‘13’ ಎಂದು ಬರೆದಿರುವುದು. ಸಂಖ್ಯೆ ಸುಳ್ಳಾಡಿದರೂ ಅಳತೆ ಆಡದು.

ಇನ್ನು ದುರಸ್ತಿ. ಬಹುಕಾಲ ನಿಂತ ಎಂಜಿನ್ನು ಹೊತ್ತಿಕೊಳ್ಳದಿರುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಮೊದಲನೆಯದು, ಕಿಡಿಯ ಅಭಾವ. ಫ್ಲೈವೀಲಿನಲ್ಲಿರುವ ಅಯಸ್ಕಾಂತವು ತಂತಿಯ ಸುರುಳಿಯ ಮುಂದೆ ಹಾದುಹೋಗುವಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸರಿಯಾದ ಕ್ಷಣದಲ್ಲಿ ಪಾಯಿಂಟುಗಳು ತೆರೆದುಕೊಂಡು ಆ ಪ್ರವಾಹವನ್ನು ಕಡಿದಾಗ ಸಾವಿರಾರು ವೋಲ್ಟುಗಳ ಕಿಡಿ ಹಾರುತ್ತದೆ. ಪಾಯಿಂಟುಗಳ ಮೇಲೆ ಆಕ್ಸೈಡಿನ ತೆಳುವಾದ ಪೊರೆ ಬೆಳೆದಿದ್ದರೂ ಸಾಕು, ಪ್ರವಾಹ ಹರಿಯದು, ಕಿಡಿಯೂ ಇಲ್ಲ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಅಂತರವನ್ನು ಅರ್ಧ ಮಿಲಿಮೀಟರಿಗೆ ಹೊಂದಿಸಿದರೆ ಬಹಳ ಸಲ ಕಿಡಿ ಮರಳುತ್ತದೆ. ಎರಡನೆಯದು, ಕಾರ್ಬುರೇಟರು. ಹಳೆಯ ಪೆಟ್ರೋಲು ಆವಿಯಾಗಿ ಹೋಗಿ, ಉಳಿದ ಅಂಟು ಸೂಜಿಮೊನೆಯಂಥ ರಂಧ್ರಗಳನ್ನು ಮುಚ್ಚಿರುತ್ತದೆ. ಅದನ್ನು ತೊಳೆದು ತೆಗೆಯಬೇಕು. ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನೂ ಚೆಲ್ಲದೆ ಜೋಪಾನವಾಗಿ ಹೊರತೆಗೆಯಬೇಕು.

ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವುದು ಕೇಂದ್ರಾಪಗಾಮಿ ಕ್ಲಚ್ಚು. ನಮ್ಮ ರಸ್ತೆಗಳಲ್ಲಿ ಓಡಾಡಿದ ಲೂನಾ ಮೊಪೆಡ್ಡಿನಲ್ಲಿಯೂ ಇದ್ದುದು ಇದೇ ತತ್ತ್ವ. ಕವಣೆಯ ಕಲ್ಲು ಬೀಸಿದಂತೆಲ್ಲ ಹೊರಕ್ಕೆ ಎಳೆಯುವ ಹಾಗೆ, ಕ್ಲಚ್ಚಿನ ತುಂಡುಗಳು ತಿರುಗುವಾಗ ಸ್ಪ್ರಿಂಗಿನ ಹಿಡಿತವನ್ನು ಮೀರಿ ಹೊರಚಾಚಿ ಸುತ್ತಲಿನ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ನಿಮಿಷಕ್ಕೆ ಸುಮಾರು 2000 ಸುತ್ತುಗಳಲ್ಲಿ ಹಿಡಿತ ಆರಂಭವಾಗುತ್ತದೆ. ನಿಂತಲ್ಲಿ ತಿರುಗುವ ವೇಗ ಇದಕ್ಕಿಂತ ಹೆಚ್ಚಿದ್ದರೆ, ಎಂಜಿನ್ನು ಹೊತ್ತಿಕೊಂಡ ಕೂಡಲೆ ಬೈಕು ಸವಾರನನ್ನು ಕೇಳದೆಯೇ ಹೊರಟುಬಿಡುತ್ತದೆ. ಆದುದರಿಂದ ಮೊದಲ ಸಲ ಹೊತ್ತಿಸುವಾಗ ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸಬೇಕು.

ಈಗ ನಾವು ಮುಖ್ಯ ಪ್ರಶ್ನೆಗೆ ಬಂದೆವು. ಈ ಎಂಜಿನ್ನುಗಳಿಗೆ ವಿಧಿಸಿದ ಮಿತಿ ನಿಮಿಷಕ್ಕೆ ಸುಮಾರು 3600 ಸುತ್ತು. ಈ ಮಿತಿಯನ್ನು ಕಾಯುವುದು ಗವರ್ನರು ಎಂಬ ಅಂಗ. ಹೆಚ್ಚಿನ ವೇಗದ ಆಸೆಯಿಂದ ಹುಡುಗರು ಅದರ ಸರಳನ್ನೂ ಸ್ಪ್ರಿಂಗನ್ನೂ ಕಳಚಿ ಎಸೆಯುವುದುಂಟು. ಹೀಗಾದ ಎಂಜಿನ್ನು 5400 ಸುತ್ತು ತಿರುಗಿತೆಂದು ಭಾವಿಸೋಣ. ವೇಗ ಒಂದೂವರೆಪಟ್ಟು ಮಾತ್ರ. ಆದರೆ ತಿರುಗುವ ಮತ್ತು ಹಿಂದುಮುಂದಾಗಿ ಚಲಿಸುವ ಅಂಗಗಳ ಮೇಲಿನ ಜಡತ್ವದ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಅದು ಎರಡೂಕಾಲುಪಟ್ಟಾಗುತ್ತದೆ. ಹೊಗೆಯನ್ನು ಹೊರದೂಡಿ ತುದಿ ಮುಟ್ಟಿದ ಪಿಸ್ಟನ್ನನ್ನು ಹಿಂದಕ್ಕೆ ಸೆಳೆಯಬೇಕಾದುದು ಅಲ್ಯೂಮಿನಿಯಮಿನ ಕನೆಕ್ಟಿಂಗ್ ರಾಡು. ಅದು ಮುರಿದರೆ ಎಂಜಿನ್ನಿನ ಗೋಡೆಯನ್ನೇ ಭೇದಿಸಿ ಹೊರಬರಬಹುದು. ಫ್ಲೈವೀಲು ಸಿಡಿಯುವ ಅಪಾಯವೂ ಉಂಟು. ಅದು ಇರುವುದು ಸವಾರನ ಕಾಲಿನ ಬಳಿಯಲ್ಲಿ.

ಅದೇ ವರ್ಗ ಬ್ರೇಕಿನಲ್ಲಿಯೂ ಕಾದಿರುತ್ತದೆ. ಮುಂದಿನ ಹಲ್ಲುಚಕ್ರಕ್ಕೆ 12, ಹಿಂದಿನದಕ್ಕೆ 72 ಹಲ್ಲುಗಳಿದ್ದು, ಗಾಲಿಯ ವ್ಯಾಸ 33 ಸೆಂಟಿಮೀಟರ್ ಆಗಿದ್ದರೆ, 3600 ಸುತ್ತಿಗೆ ಬೈಕಿನ ವೇಗ ಗಂಟೆಗೆ ಸುಮಾರು 37 ಕಿಲೋಮೀಟರ್. 5400 ಸುತ್ತಿಗೆ 56. ನಿಲ್ಲಿಸುವಾಗ ಬ್ರೇಕು ಹೀರಿಕೊಳ್ಳಬೇಕಾದ ಚಲನಶಕ್ತಿ ಎರಡೂಕಾಲುಪಟ್ಟು. ಬ್ರೇಕಿನ ಬಲ ಅಷ್ಟೇ ಇದ್ದರೆ ನಿಲ್ಲಲು ಬೇಕಾದ ದೂರವೂ ಅಷ್ಟುಪಟ್ಟು. ಅಗ್ಗದ ಮಿನಿ ಬೈಕುಗಳಲ್ಲಿ ಬ್ರೇಕು ಎಂದರೆ ಟೈರಿಗೇ ಉಜ್ಜುವ ಲೋಹದ ತುಂಡು. ಟೈರು ಒದ್ದೆಯಾದರೆ ಅದರ ಹಿಡಿತ ಇನ್ನೂ ಕುಗ್ಗುತ್ತದೆ.

ಆದುದರಿಂದ ಬಣ್ಣ ಬಳಿಯುವ ಮೊದಲು ಮಾಡಬೇಕಾದ ಕೆಲಸಗಳಿವು: ಗವರ್ನರಿನ ಸರಳು, ಸ್ಪ್ರಿಂಗುಗಳನ್ನು ಮರಳಿ ಜೋಡಿಸುವುದು, ಕೈ ಬಿಟ್ಟೊಡನೆ ಥ್ರಾಟಲ್ ತಾನಾಗಿ ಮುಚ್ಚಿಕೊಳ್ಳುವುದೇ ಎಂದು ನೋಡುವುದು, ಬ್ರೇಕನ್ನು ಪರೀಕ್ಷಿಸುವುದು, ಸರಪಳಿಗೆ ಮರೆ ಕಟ್ಟುವುದು. ಹಳೆಯ ಬೈಕು ಓಡುವಂತಾದರೆ ನಮಗೆ ಸಂತೋಷವೇ. ಆದರೆ ಓಡಿದ್ದು ನಿಲ್ಲುವಂತಾದ ಮೇಲೆಯೇ ಅದನ್ನು ಮಗುವಿನ ಕೈಗೆ ಕೊಡತಕ್ಕದ್ದು.