ಲಿನಕ್ಸ್ ಗಣಕದಲ್ಲಿ ಕನ್ನಡ: ಓದುವುದು ಹೇಗೆ, ಬರೆಯುವುದು ಹೇಗೆ?

ಅಂಕೋಲಾ ತಾಲ್ಲೂಕಿನ ಅಗಸೂರಿನಂತಹ ಗ್ರಾಮದ ಶಾಲೆ, ಸಹಕಾರಿ ಸಂಘ ಅಥವಾ ವಾಚನಾಲಯದಲ್ಲಿ ಹಳೆಯದೊಂದು ಗಣಕಯಂತ್ರವಿದ್ದರೆ ಅದರ ಮುಂದೆ ಈಗ ಎರಡೇ ದಾರಿಗಳಿವೆ. ಒಂದು, ಅದನ್ನು ಮೂಲೆಗೆ ಸರಿಸಿ ಹೊಸದನ್ನು ಕೊಳ್ಳುವುದು. ಇನ್ನೊಂದು, ಅದೇ ಯಂತ್ರಕ್ಕೆ ಲಿನಕ್ಸ್ ಅಳವಡಿಸುವುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅನೇಕ ಹಳೆಯ ಯಂತ್ರಗಳು ವಿಂಡೋಸ್ 11ರ ಷರತ್ತುಗಳನ್ನು ಪೂರೈಸುವುದಿಲ್ಲ. ಲಿನಕ್ಸ್ ಉಚಿತ, ಹಗುರವಾದ ಆವೃತ್ತಿಗಳು ಹಳೆಯ ಯಂತ್ರದಲ್ಲಿಯೂ ಸರಾಗವಾಗಿ ನಡೆಯುತ್ತವೆ. ಆದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: "ಅದರಲ್ಲಿ ಕನ್ನಡ ಬರುತ್ತದೆಯೇ?"

ಬರುತ್ತದೆ. ಆದರೆ ಕನ್ನಡ ಮೂಡುವುದರ ಹಿಂದೆ ಏನೇನು ನಡೆಯುತ್ತದೆ ಎಂಬುದನ್ನು ತಿಳಿದರೆ, ತೊಡಕು ಎದುರಾದಾಗ ಅದರ ಮೂಲವನ್ನು ಹುಡುಕುವುದು ಸುಲಭ.

ಅಕ್ಷರದ ಹಿಂದಿನ ಅಂಕಿ

ಗಣಕಕ್ಕೆ ಅಕ್ಷರ ಗೊತ್ತಿಲ್ಲ; ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಅಂಕಿಗಳನ್ನು ಹಂಚಿಕೊಟ್ಟ ಶಿಷ್ಟತೆಯೇ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆಂದು 128 ಸ್ಥಾನಗಳನ್ನು ಮೀಸಲಿರಿಸಲಾಗಿದೆ. 'ಅಗಸೂರು' ಎಂಬ ಪದವನ್ನು ಗಣಕವು ಅ, ಗ, ಸ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ ಎಂಬ ಆರು ಸಂಕೇತಗಳಾಗಿ ಉಳಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು, ಒಳಗಿರುವ ಸಂಕೇತಗಳು ಆರು.

ಈ ಆರು ಸಂಕೇತಗಳು ತೆರೆಯ ಮೇಲೆ ಕನ್ನಡವಾಗಿ ಕಾಣಬೇಕಾದರೆ ಎರಡು ಸಂಗತಿಗಳು ಬೇಕು. ಮೊದಲನೆಯದು ಅಕ್ಷರಗಳ ಚಿತ್ರಗಳಿರುವ ಫಾಂಟ್. ಎರಡನೆಯದು ಆ ಚಿತ್ರಗಳನ್ನು ಕನ್ನಡದ ನಿಯಮದಂತೆ ಜೋಡಿಸುವ ತಂತ್ರಾಂಶ. 'ಕರ್ನಾಟಕ' ಎಂದು ಬರೆದಾಗ ರಕಾರ ಮೊದಲು ಉಚ್ಚಾರವಾದರೂ ಅರ್ಕಾವತ್ತು ನಕಾರದ ನಂತರ ಕಾಣಿಸುತ್ತದೆ. 'ಸ್ತ್ರೀ' ಎಂಬಲ್ಲಿ ಎರಡು ಒತ್ತಕ್ಷರಗಳು ಒಂದೇ ಅಕ್ಷರಕ್ಕೆ ಅಂಟಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಈ ಜೋಡಣೆಯ ಕೆಲಸವನ್ನು ಬಹುಪಾಲು ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ. ಅದು ವ್ಯವಸ್ಥೆಯೊಂದಿಗೇ ಬರುವುದರಿಂದ ಬಳಕೆದಾರರು ಬೇರೆಯಾಗಿ ಅಳವಡಿಸಬೇಕಿಲ್ಲ.

ದೋಷದ ಬಗೆಯಿಂದಲೇ ಅದರ ಕಾರಣವನ್ನು ಊಹಿಸಬಹುದು. ಪದಗಳ ಬದಲು ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲವೆಂದು ಅರ್ಥ. ಚುಕ್ಕಿಗಳ ವೃತ್ತದೊಂದಿಗೆ ಕಾಗುಣಿತದ ಚಿಹ್ನೆ ಒಂಟಿಯಾಗಿ ನಿಂತಿದ್ದರೆ ಬರೆದ ಕ್ರಮ ತಪ್ಪಿದೆ. ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತು ಕಂಡರೆ ಆ ಕಡತ ಯೂನಿಕೋಡ್‌ನಲ್ಲಿಯೇ ಇಲ್ಲ.

ಫಾಂಟ್ ಯಾವುದು?

ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮೊದಲಾದ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಇಲ್ಲದಿದ್ದರೆ ತಂತ್ರಾಂಶ ಭಂಡಾರದಲ್ಲಿ ಹುಡುಕಿ ಪಡೆಯಬಹುದು. ರೆಡ್ ಹ್ಯಾಟ್ ಬಿಡುಗಡೆ ಮಾಡಿದ ಲೋಹಿತ್ ಕನ್ನಡ, ಗೂಗಲ್‌ನ ನೋಟೋ ಸಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡ, ಕನ್ನಡಿಗರೇ ರೂಪಿಸಿದ ಗುಬ್ಬಿ ಮತ್ತು ನವಿಲು ಇವೆಲ್ಲವೂ ಮುಕ್ತ ಫಾಂಟ್‌ಗಳು. ಹಣ ಕೊಡದೆ ಬಳಸಬಹುದು, ಹಂಚಬಹುದು. ತೆರೆಯ ಮೇಲೆ ಓದಲು ನೋಟೋ ಸಾನ್ಸ್, ಪುಸ್ತಕದಂತಹ ಮುದ್ರಣಕ್ಕೆ ನೋಟೋ ಸೆರಿಫ್ ಹೊಂದುತ್ತವೆ.

ಫಾಂಟ್ ಅಳವಡಿಸಿದ ನಂತರ ಕೆಲವು ಪದಗಳನ್ನು ಬರೆದು ಪರೀಕ್ಷಿಸುವುದು ಒಳಿತು: ಕರ್ನಾಟಕ, ರಾಷ್ಟ್ರ, ಸ್ತ್ರೀ, ಅರ್ಘ್ಯ, ಹಾಲಕ್ಕಿ, ಗಂಗಾವಳಿ. ಇವು ಸರಿಯಾಗಿ ಮೂಡಿದರೆ ಪ್ರದರ್ಶನದ ಚಿಂತೆ ಮುಗಿಯಿತು.

ಕೀಲಿಮಣೆಯ ಆಯ್ಕೆ

ಬರೆಯಲು ಮುಖ್ಯವಾಗಿ ಎರಡು ವಿನ್ಯಾಸಗಳಿವೆ. ಮೊದಲನೆಯದು ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಿಂದ ಮನೆಮಾತಾದ ವಿನ್ಯಾಸ. ಲಿನಕ್ಸ್‌ನಲ್ಲಿ ಇದು 'ಕೆಜಿಪಿ' ಅಥವಾ 'ಕಗಪ' ಎಂಬ ಹೆಸರಿನಲ್ಲಿ ದೊರೆಯುತ್ತದೆ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಎಫ್ ಒತ್ತಿದರೆ ಅರ್ಧಾಕ್ಷರದ ಚಿಹ್ನೆ. ಟಕಾರ ಕ್ಯು ಕೀಲಿಯಲ್ಲಿಯೂ ಡಕಾರ ಡಬ್ಲ್ಯು ಕೀಲಿಯಲ್ಲಿಯೂ ಇವೆ. ನುಡಿಯಲ್ಲಿ ಪಳಗಿದ ಕೈಗೆ ಇಲ್ಲಿ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ.

ಎರಡನೆಯದು ಇನ್‌ಸ್ಕ್ರಿಪ್ಟ್. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ರೂಪಿಸಿದ ಈ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಕಾರವಾರ–ಅಂಕೋಲಾ ಭಾಗಕ್ಕೆ ಇದರಿಂದ ವಿಶೇಷ ಪ್ರಯೋಜನವಿದೆ. ಇಲ್ಲಿ ಕನ್ನಡದ ಜೊತೆಗೆ ಕೊಂಕಣಿಯೂ ಮರಾಠಿಯೂ ಬಳಕೆಯಲ್ಲಿವೆ. ಕೊಂಕಣಿಯನ್ನು ಕನ್ನಡ ಮತ್ತು ದೇವನಾಗರಿ ಎರಡೂ ಲಿಪಿಗಳಲ್ಲಿ ಬರೆಯುತ್ತಾರೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಲಿಪಿ ಬದಲಾದರೂ ಬೆರಳಿನ ಜಾಗ ಬದಲಾಗುವುದಿಲ್ಲ: ಕನ್ನಡದ 'ಕ' ಇರುವ ಕೀಲಿಯಲ್ಲಿಯೇ ದೇವನಾಗರಿಯ 'ಕ' ಕೂಡ ಇರುತ್ತದೆ.

ಅಳವಡಿಸುವ ಕ್ರಮ

ಉಬುಂಟುವಿನಲ್ಲಿ ತಂತ್ರಾಂಶ ಭಂಡಾರದಿಂದ 'ಐಬಸ್-ಎಂ17ಎನ್' ಎಂಬ ಪೊಟ್ಟಣವನ್ನು ಅಳವಡಿಸಬೇಕು. ಬಳಿಕ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು. ಈ ಹಂತವನ್ನು ಮರೆತು "ಕನ್ನಡ ಪಟ್ಟಿಯಲ್ಲಿಯೇ ಇಲ್ಲ" ಎಂದು ಕೈಚೆಲ್ಲುವುದುಂಟು. ನಂತರ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಇನ್‌ಪುಟ್ ಸೋರ್ಸಸ್ ಎಂಬಲ್ಲಿ ಕೂಡಿಸು ಚಿಹ್ನೆಯನ್ನು ಒತ್ತಿ, ಕನ್ನಡವನ್ನು ಹುಡುಕಿ, ಕೆಜಿಪಿ ಅಥವಾ ಇನ್‌ಸ್ಕ್ರಿಪ್ಟ್ ಆಯ್ದುಕೊಳ್ಳಬೇಕು. ಇಂಗ್ಲಿಷ್ ಮತ್ತು ಕನ್ನಡದ ನಡುವೆ ಬದಲಾಯಿಸಲು ವಿಂಡೋಸ್ ಚಿಹ್ನೆಯಿರುವ ಕೀಲಿಯನ್ನೂ ಸ್ಪೇಸ್ ಕೀಲಿಯನ್ನೂ ಒಟ್ಟಿಗೆ ಒತ್ತಿದರಾಯಿತು. ಬೇರೆ ಆವೃತ್ತಿಗಳಲ್ಲಿ ಐಬಸ್‌ನ ಆದ್ಯತೆಗಳ ಕಿಟಕಿಯಲ್ಲಿ ಇದೇ ಆಯ್ಕೆ ಸಿಗುತ್ತದೆ.

ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ಕೆಲಸವಿದೆ. ಕನ್ನಡವನ್ನು ಅದು 'ಸಂಕೀರ್ಣ ಲಿಪಿ'ಗಳ ಗುಂಪಿಗೆ ಸೇರಿಸುತ್ತದೆ. ಟೂಲ್ಸ್‌ನ ಆಯ್ಕೆಗಳಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಯ ಬೆಂಬಲವನ್ನು ಸಕ್ರಿಯಗೊಳಿಸಿ ಕನ್ನಡವನ್ನು ನಿಗದಿಪಡಿಸಬೇಕು. ಹಾಗೆ ಮಾಡದಿದ್ದರೆ ಫಾಂಟ್ ಬದಲಾಯಿಸಿದರೂ ಕನ್ನಡ ಅಕ್ಷರ ಬದಲಾಗದೆ ಗೊಂದಲವಾಗುತ್ತದೆ.

'ರ‍್ಯಾಂಕ್' ಎಂದು ಬರೆಯುವಾಗ ಅರ್ಕಾವತ್ತು ಬೇಡ. ರಕಾರಕ್ಕೆ ಯಕಾರದ ಒತ್ತು ಬೇಕು. ಅದಕ್ಕೆ ರಕಾರದ ನಂತರ, ಅರ್ಧಾಕ್ಷರದ ಚಿಹ್ನೆಗೆ ಮುನ್ನ, ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಸೇರಿಸಬೇಕಾಗುತ್ತದೆ. ಇಂಗ್ಲಿಷ್ ವಿನ್ಯಾಸಕ್ಕೆ ಮರಳಿ ಕಂಟ್ರೋಲ್, ಶಿಫ್ಟ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ, 200ಡಿ ಎಂದು ಬರೆದು ಎಂಟರ್ ಒತ್ತಿದರೆ ಸಾಮಾನ್ಯವಾಗಿ ಅದು ಸೇರಿಕೊಳ್ಳುತ್ತದೆ.

ಹಳೆಯ ಕಡತಗಳ ಗತಿ

ನಿಜವಾದ ಕಷ್ಟವಿರುವುದು ಇಲ್ಲಿಯೇ. ಯೂನಿಕೋಡ್ ರೂಢಿಗೆ ಬರುವ ಮುನ್ನ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ನಡೆಸಲಾಗುತ್ತಿತ್ತು. ನುಡಿ, ಬರಹಗಳ ಹಳೆಯ ಫಾಂಟ್‌ಗಳು ಇಂತಹವು. ಅವುಗಳಿಂದ ಕನ್ನಡ ಕಚೇರಿಗಳಿಗೂ ಮುದ್ರಣಾಲಯಗಳಿಗೂ ತಲುಪಿತು ಎಂಬುದು ಸಣ್ಣ ಮಾತಲ್ಲ. ಆದರೆ ಆ ಕಾಲದ ಠರಾವು, ಸದಸ್ಯರ ಪಟ್ಟಿ, ಪ್ರಶ್ನೆಪತ್ರಿಕೆಗಳು ಗಣಕದ ದೃಷ್ಟಿಯಲ್ಲಿ ಕನ್ನಡವೇ ಅಲ್ಲ. ಹಳೆಯ ಫಾಂಟನ್ನು ನಕಲು ಮಾಡಿಕೊಂಡರೆ ಕಡತ ಕಣ್ಣಿಗೆ ಸರಿಯಾಗಿ ಕಾಣಬಹುದು; ಹೆಸರನ್ನು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ಮಿಂಚಂಚೆಯಲ್ಲಿ ಕಳುಹಿಸಿದರೆ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ.

ಪರಿಹಾರವೆಂದರೆ ಪರಿವರ್ತನೆ. ಹಳೆಯ ಸಂಕೇತಗಳನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಮೂಲ ಕಡತವನ್ನು ಅಳಿಸದೆ ಇಟ್ಟುಕೊಂಡು, ಅದರ ಪ್ರತಿಯನ್ನು ಮಾತ್ರ ಪರಿವರ್ತಿಸಬೇಕು. ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಮತ್ತು ನಡುವೆ ಬಂದ ಇಂಗ್ಲಿಷ್ ಪದಗಳನ್ನು ಒಬ್ಬರು ಕೂತು ಓದಿ ನೋಡಲೇಬೇಕು. ಹಳೆಯ ಸಂಕೇತದಲ್ಲಿ ಇಂಗ್ಲಿಷ್ ಮತ್ತು ಕನ್ನಡಕ್ಕೆ ಅಂಕಿಗಳು ಒಂದೇ ಆಗಿರುವುದರಿಂದ ಪರಿವರ್ತಕವು ಇಂಗ್ಲಿಷನ್ನೂ ಅರ್ಥವಿಲ್ಲದ ಕನ್ನಡವಾಗಿಸಿಬಿಡಬಹುದು. ಪಹಣಿ ಸಂಖ್ಯೆಯೋ ವ್ಯಕ್ತಿಯ ಹೆಸರೋ ತಪ್ಪಿದರೆ ಅದರ ಪರಿಣಾಮ ಅಕ್ಷರದೋಷಕ್ಕೆ ಸೀಮಿತವಾಗಿರುವುದಿಲ್ಲ.

ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಹಾಡುಗಳ ಭಂಡಾರವೆನಿಸಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ ಅವರು 2025ರಲ್ಲಿ ತೀರಿಕೊಂಡರು. ಕಂಠದಲ್ಲಿದ್ದುದನ್ನು ಬರಹಕ್ಕಿಳಿಸುವ ಕೆಲಸ ಇಂತಹ ಊರುಗಳಲ್ಲಿ ಇನ್ನೂ ಬಾಕಿಯಿದೆ. ಹಾಗೆ ಇಳಿಸಿದ ಬರಹ ಮುಂದಿನ ಪೀಳಿಗೆಗೆ ಹುಡುಕಿದಾಗ ಸಿಗಬೇಕಾದರೆ ಯೂನಿಕೋಡ್ ಅನಿವಾರ್ಯ.

ಮೊದಲು ಪರೀಕ್ಷೆ, ಆಮೇಲೆ ಅಳವಡಿಕೆ

ಲಿನಕ್ಸನ್ನು ಗಣಕಕ್ಕೆ ಅಳವಡಿಸದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಲು ಸಾಧ್ಯವಿದೆ. ಯಂತ್ರದಲ್ಲಿರುವ ಕಡತಗಳಿಗೆ ಅದರಿಂದ ಧಕ್ಕೆಯಿಲ್ಲ. ಕನ್ನಡದ ಜಾಲತಾಣವೊಂದನ್ನು ತೆರೆದು, ನಾಲ್ಕು ಸಾಲು ಬರೆದು, ಮುದ್ರಣಯಂತ್ರ ಕೆಲಸ ಮಾಡುತ್ತದೆಯೇ ಎಂದು ನೋಡಿ ನಂತರ ತೀರ್ಮಾನಿಸಬಹುದು. ಅಳವಡಿಸುವ ಮುನ್ನ ಎಲ್ಲ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳುವುದು ಕಡ್ಡಾಯ. ಕಚೇರಿಯ ಕೆಲಸಕ್ಕೆ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶ ಬೇಕಾಗಿದ್ದರೆ ಆ ಒಂದು ಯಂತ್ರವನ್ನು ಬಿಟ್ಟು ಉಳಿದವುಗಳಿಂದ ಆರಂಭಿಸುವುದು ಜಾಣತನ.