ನಲಿ-ಕಲಿ ಹುಟ್ಟಿದ ಸೀಮೆಯಲ್ಲಿ ಒಂದನೇ ತರಗತಿ

ಎಚ್.ಡಿ. ಕೋಟೆ ಎಂದರೆ ಹೊರಗಿನವರಿಗೆ ಕಬಿನಿ ಹಿನ್ನೀರು, ಆನೆ, ಹುಲಿ, ಸಫಾರಿ. ಸರ್ಕಾರಿ ಶಾಲೆಗಳ ಹಳಬ ಶಿಕ್ಷಕರಿಗೆ ಈ ತಾಲ್ಲೂಕಿನ ಹೆಸರು ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ನಲಿ-ಕಲಿ. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತು ಕಲಿಯುವ ಆ ಪದ್ಧತಿ ಶುರುವಾದದ್ದು 1995ರಲ್ಲಿ, ಇಲ್ಲಿನ ಹಳ್ಳಿ ಶಾಲೆಗಳಲ್ಲಿ. ಯುನಿಸೆಫ್ ನೆರವಿನಿಂದ ಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಪಾಠಪುಸ್ತಕವನ್ನು ಬಿಡಿಸಿ ಕಾರ್ಡುಗಳಾಗಿ ಮಾಡಿಕೊಂಡು, ಒಬ್ಬರೇ ಶಿಕ್ಷಕರು ಹಲವು ತರಗತಿಯ ಮಕ್ಕಳಿಗೆ ಕಲಿಸುವುದನ್ನು ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಕಣ್ಣಾರೆ ಕಂಡರು. ವಾಪಸು ಬಂದು ತಮ್ಮ ಊರಿನ ಮಕ್ಕಳಿಗೆ ಒಪ್ಪುವ ಕಾರ್ಡುಗಳನ್ನು ತಾವೇ ಕೂತು ಬರೆದರು. ಐಎಎಸ್ ಅಧಿಕಾರಿ ಅನಿತಾ ಕೌಲ್ ಅವರ ಬೆಂಬಲವೂ ಸಿಕ್ಕಿತು. 2009-10ರಲ್ಲಿ ಅದು ಇಡೀ ರಾಜ್ಯದ ಒಂದು ಮತ್ತು ಎರಡನೇ ತರಗತಿಗೆ ಬಂತು, ಆಮೇಲೆ ಮೂರಕ್ಕೂ ವಿಸ್ತರಿಸಿತು.

ಮೇಲಿನವರು ಬರೆದು ಕೆಳಗಿಳಿಸಿದ ಯೋಜನೆಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಹಿಂದುಳಿದದ್ದೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಒಂದು ತಾಲ್ಲೂಕಿನ ಶಿಕ್ಷಕರು ಇಡೀ ರಾಜ್ಯಕ್ಕೆ ಪಾಠ ಹೇಳಿಕೊಟ್ಟದ್ದು ಅಪರೂಪ. ಈ ಸೀಮೆಯವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಜೂನ್ ತಿಂಗಳ ಯಾವುದಾದರೂ ವಾರ ಇಲ್ಲಿನ ನಲಿ-ಕಲಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿ. ಪ್ರಾರಂಭೋತ್ಸವದ ಮಾವಿನ ತೋರಣ ಒಣಗಿರುತ್ತದೆ, ಸಮವಸ್ತ್ರದ ಮಡಿಕೆ ಇನ್ನೂ ಬಿಚ್ಚಿರುವುದಿಲ್ಲ. ಬೆಂಚುಗಳಿಲ್ಲ. ಗೋಡೆಯ ಬುಡದಲ್ಲಿ, ಆರು ವರ್ಷದ ಮಗುವಿನ ಕೈಗೆಟುಕುವಷ್ಟೇ ಎತ್ತರಕ್ಕೆ, ಸುತ್ತಲೂ ಕಪ್ಪು ಹಲಗೆ. ಒಬ್ಬೊಬ್ಬರಿಗೂ ಗೆರೆ ಎಳೆದು ಕೊಟ್ಟ ಜಾಗ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳೇ ಬರೆದ ಚಿತ್ರ. ಸೋಮವಾರ ಬೆಳಿಗ್ಗೆ ಮೊದಲ ಕೆಲಸ ಹವಾಮಾನ ನಕ್ಷೆ: ಬಿಸಿಲೋ, ಮೋಡವೋ, ಮಳೆಯೋ? ಹೊರಗೆ ಹೋಗಿ ಆಕಾಶ ನೋಡಿ ಬಂದು ಗುರುತು ಹಾಕಬೇಕು. ವೈನಾಡಿನ ಕಡೆಯಿಂದ ಮೋಡ ಇಳಿಯುವ ಕಾಲವಾದ್ದರಿಂದ ಕೋಟೆಯಲ್ಲಿ ಆ ವಾರವೆಲ್ಲ ಮೋಡ, ಮಳೆಯೇ ಬಿದ್ದರೂ ಬೀಳಬಹುದು. ಕೆ.ಆರ್. ನಗರದ ಬಯಲಿನಲ್ಲಿ ಅದೇ ದಿನ ಬಿಸಿಲಿಗೆ ಗುರುತು ಬೀಳುತ್ತದೆ.

ಮೊದಲ ವಾರಗಳಲ್ಲಿ ಅಕ್ಷರದ ಗೊಡವೆ ಇಲ್ಲ. ಹಾಡು, ಅಭಿನಯ, ಕಥೆ, ಬೀಜ ಕಲ್ಲುಗಳ ಜೋಡಣೆ, ಗೆರೆ ಎಳೆಯುವುದು. ಅಮ್ಮನ ಸೆರಗು ಬಿಟ್ಟು ಬಂದ ಮಗು ಬಾಯಿ ಬಿಡುವುದೇ ಮಂಗಳವಾರವೋ ಬುಧವಾರವೋ. ಕಾಡಂಚಿನ ಬುಡಕಟ್ಟು ಹಾಡಿಯಿಂದ ಬಂದ ಜೇನುಕುರುಬರ ಮಕ್ಕಳಿಗೆ ಇನ್ನೂ ಒಂದಿಷ್ಟು ದಿನ ಬೇಕು. ಅವರ ಮನೆಮಾತಿಗೂ ಪುಸ್ತಕದ ಕನ್ನಡಕ್ಕೂ ದೂರವಿದೆ. ಯರವರ ಮಕ್ಕಳ ಭಾಷೆ ಮತ್ತೂ ಬೇರೆ. ಮನೆಮಾತಿನಲ್ಲೇ ಉತ್ತರ ಹೇಳಿದ ಮಗುವಿಗೆ ‘ಸರಿಯಾಗಿ ಮಾತಾಡು’ ಎಂದು ಗದರಿದರೆ ಆ ಮಗು ವಾರವಿಡೀ ಮೂಕವಾಗಿಬಿಡುತ್ತದೆ. ಪಳಗಿದ ಶಿಕ್ಷಕಿ ಹಾಗೆ ಮಾಡುವುದಿಲ್ಲ. ಮಗುವಿನ ಮಾತನ್ನೇ ತಾನೂ ಒಮ್ಮೆ ಹೇಳಿ, ಆಮೇಲೆ ಕನ್ನಡದ ಮಾತನ್ನು ಅದರ ಪಕ್ಕಕ್ಕೆ ಇಡುತ್ತಾರೆ.

ಆಮೇಲೆ ಕಾರ್ಡು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಲೋಗೋ. ತನ್ನ ಮೆಟ್ಟಿಲು ಯಾವುದೆಂದು ಮಗುವಿಗೇ ಗೊತ್ತು. ಅದೇ ಲೋಗೋದ ಕಾರ್ಡನ್ನು ತಟ್ಟೆಯಿಂದ ತಾನೇ ಎತ್ತಿಕೊಂಡು, ಆ ಗುಂಪಿಗೆ ಹೋಗಿ ಕೂರುತ್ತದೆ. ಐದು ತಟ್ಟೆ, ಐದು ಗುಂಪು. ಒಂದರಲ್ಲಿ ಶಿಕ್ಷಕಿಯೇ ಜೊತೆಗಿದ್ದು ಹೇಳಿಕೊಡುತ್ತಾರೆ. ಕೊನೆಯ ಗುಂಪಿನಲ್ಲಿ ಮಗು ತಾನೇ ಕಲಿಯುತ್ತದೆ. ನಡುವಿನವುಗಳಲ್ಲಿ ಶಿಕ್ಷಕಿಯ ಒಂದಿಷ್ಟು ನೆರವು, ಗೆಳೆಯರ ಸಹಾಯ. ಎರಡನೇ ತರಗತಿಯ ಹುಡುಗಿ ಒಂದನೆಯದರ ಹುಡುಗನ ಬೆರಳು ಹಿಡಿದು ‘ಗ’ ತಿದ್ದಿಸುತ್ತಿರುತ್ತಾಳೆ. ‘ಮಿಸ್, ಆಯ್ತು, ಮುಂದಿನ ಕಾರ್ಡ್ ತಗೊಳ್ಲಾ?’ ಎಂಬ ಕೂಗು ಕೋಣೆಯ ಯಾವುದೋ ಮೂಲೆಯಿಂದ ಏಳುತ್ತಲೇ ಇರುತ್ತದೆ.

ಇಲ್ಲಿ ಅಕ್ಷರಮಾಲೆ ಅ, ಆ, ಇ, ಈ ಎಂದು ಹೊರಡುವುದಿಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ ಅಕ್ಷರಗಳು ಜೊತೆಗೂಡಿ ಬರುತ್ತವೆ. ಈ ಐದೇ ಅಕ್ಷರ ಬಂದರೂ ಸರ, ಅಗಸ, ಗರಗಸ, ಅರಸ ಎಂದು ಓದಬಹುದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ದೇವರಾಜ ಅರಸರ ಊರು. ಅಲ್ಲಿನ ಮಗು ಮೊದಲ ಮೈಲಿಗಲ್ಲಿನಲ್ಲೇ ಆ ಹೆಸರಿಗೆ ಹತ್ತಿರವಾಗುತ್ತದೆ. ಮುಂದಿನದು ಜ, ವ, ಮ, ಬ, ನ. ಈಗ ಮರ, ವನ, ಗಜ, ಜನ ಎಲ್ಲವೂ ಬಂತು. ನಾಗರಹೊಳೆಯ ಅಂಚಿನ ಮಗುವಿಗೆ ಇವು ಬರೀ ಪಾಠದ ಪದಗಳಲ್ಲ.

ಈ ಪದ್ಧತಿಯ ಜೀವ ಇರುವುದು ಹಾಜರಿ ಪುಸ್ತಕದಲ್ಲಿ ಎಂದು ನನ್ನ ನಂಬಿಕೆ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಈ ನಾಲ್ಕೂ ತಾಲ್ಲೂಕುಗಳ ಬೇಸಾಯದ ಪಂಚಾಂಗ ನೋಡಿದರೆ ಕಾರಣ ತಿಳಿಯುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು. ಸೊಪ್ಪು ಹದ ಮಾಡುವ ಬ್ಯಾರನ್ ಉರಿಯುವ ದಿನಗಳಲ್ಲಿ ಮನೆಮಂದಿಗೆಲ್ಲ ಹಗಲು ರಾತ್ರಿಯೂ ಕೆಲಸ, ಚಿಕ್ಕ ತಂಗಿಯನ್ನು ನೋಡಿಕೊಳ್ಳಲು ಯಾರಾದರೂ ಮನೆಯಲ್ಲಿ ಉಳಿಯಲೇಬೇಕು. ಕೆ.ಆರ್. ನಗರದಲ್ಲಿ ಕಾವೇರಿ ನಾಲೆಗೆ ನೀರು ಬಿಟ್ಟರೆ ನಾಟಿಯ ಗಡಿಬಿಡಿ. ಕೋಟೆ, ಹುಣಸೂರುಗಳ ಹಾಡಿಗಳಿಂದ ಕಾಫಿ ಕೊಯ್ಲಿನ ಕಾಲಕ್ಕೆ ಕುಟುಂಬಕ್ಕೆ ಕುಟುಂಬವೇ ಕೊಡಗಿಗೆ ಹೋಗಿ ಲೈನ್ ಮನೆಗಳಲ್ಲಿ ಉಳಿಯುತ್ತದೆ. ಮಗುವೂ ಹೋಗುತ್ತದೆ. ಪುಸ್ತಕದ ಪಾಠವಾದರೆ, ಎರಡು ತಿಂಗಳು ಬಿಟ್ಟು ಬಂದಾಗ ತರಗತಿ ಹತ್ತು ಪಾಠ ಮುಂದಿರುತ್ತದೆ, ಮಗು ಹಿಂದಿನ ಸಾಲಿಗೆ ಹೋಗಿ ಕೂರುತ್ತದೆ, ಮುಂದಿನ ವರ್ಷ ಬರುವುದೇ ಇಲ್ಲ. ಏಣಿಯಲ್ಲಿ ಹಾಗಿಲ್ಲ. ಬಿಟ್ಟ ಮೆಟ್ಟಿಲೇ ಮಗುವಿನ ಮೆಟ್ಟಿಲು, ಮತ್ತೆ ಅದೇ ಕಾರ್ಡು. ಅವಮಾನವಿಲ್ಲದೆ ಮರಳಿ ಬರಲು ಬಡವರ ಮಗುವಿಗೆ ಇಷ್ಟು ಸಲೀಸಾದ ದಾರಿ ಸಿಗುವುದು ಅಪರೂಪ.

ಮನೆಮಾತಿನ ದೂರವನ್ನು ಮಾತ್ರ ಏಣಿಯೂ ತುಂಬಿಲ್ಲ. ಇದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರ ಮಕ್ಕಳು ತಮ್ಮ ಭಾಷೆಯಲ್ಲಿ, ತಮ್ಮ ಲಿಪಿಯಲ್ಲೇ ಓದು ಆರಂಭಿಸುತ್ತಾರೆ. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ, ಕಾಡಿನಿಂದ ಸ್ಥಳಾಂತರಗೊಂಡವರ ಹಾಡಿಯ ಮಕ್ಕಳಿಗೆ ಆ ಭಾಗ್ಯವಿಲ್ಲ.

ಪೋಷಕರ ಅಳಲೂ ಸುಳ್ಳಲ್ಲ. ‘ಮೇಷ್ಟ್ರೇ, ಮಕ್ಕಳು ಆಡ್ತಾನೇ ಇರ್ತವಲ್ಲ, ಬರೆಸೋದು ಯಾವಾಗ?’ ಎಂಬ ಪ್ರಶ್ನೆ ಎಲ್ಲ ಊರಿನಲ್ಲೂ ಇದೆ. ಊರ ಮುಂದೆ ಖಾಸಗಿ ಶಾಲೆಯ ಹಳದಿ ವ್ಯಾನ್ ನಿಲ್ಲುತ್ತದೆ, ಎಬಿಸಿಡಿ ಒಪ್ಪಿಸುವ ಪಕ್ಕದ ಮನೆ ಹುಡುಗ ಕಣ್ಣಿಗೆ ಬೀಳುತ್ತಾನೆ. ಮೂರು ತರಗತಿ, ಒಬ್ಬರೇ ಶಿಕ್ಷಕಿ, ಅವರಿಗೇ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಮಾಹಿತಿ, ಗಣತಿ ಕೆಲಸ. ಪ್ರತಿ ಮಗುವಿನ ಮೆಟ್ಟಿಲನ್ನು ಪ್ರಗತಿ ನೋಟದಲ್ಲಿ ತುಂಬಬೇಕು. ಆ ತುಂಬುವ ಕೆಲಸವೇ ಕಲಿಸುವ ಹೊತ್ತನ್ನು ತಿಂದರೆ ಐದು ತಟ್ಟೆಗಳಲ್ಲಿ ನಾಲ್ಕು ಬರೀ ಗದ್ದಲ. ಹೀಗಾದಾಗ ಪದ್ಧತಿಯನ್ನು ದೂರುವುದು ಸುಲಭ. ದೂರಬೇಕಾದದ್ದು ಶಿಕ್ಷಕರನ್ನು ನೇಮಿಸದೆ ಬಿಟ್ಟದ್ದನ್ನು.

ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳುತ್ತಿಲ್ಲ. ಆರಂಭದ ಕಾರ್ಡುಗಳಿಗೆ ಇಲ್ಲಿನ ಶಿಕ್ಷಕರ ಕೈಬರಹವಿತ್ತು, ಇಲ್ಲಿನ ಹೊಲ, ಕೆರೆ, ಹಬ್ಬಗಳಿದ್ದವು. ರಾಜ್ಯಕ್ಕೆಲ್ಲ ಹಬ್ಬಿದ ಮೇಲೆ ಬೀದರಿಗೂ ಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆಗೂ ಒಂದೇ ಅಚ್ಚಿನ ಕಾರ್ಡು. ಬರೆದವರ ತಾಲ್ಲೂಕಿಗೇ ಪದ್ಧತಿ ಪೊಟ್ಟಣ ಕಟ್ಟಿ ವಾಪಸು ಬಂತು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗಳು ಈಗಲೂ ಇವೆ. ಅಲ್ಲಿ ಸುತ್ತೋಲೆ ಓದುವುದನ್ನು ಅರ್ಧಕ್ಕೆ ನಿಲ್ಲಿಸಿ, ಜೇನುಕುರುಬರ ಮಾತಿನ ಒಂದು ಹಾಡು, ಹೊಗೆಸೊಪ್ಪಿನ ಕಂತೆ ಎಣಿಸುವ ಒಂದು ಲೆಕ್ಕ, ಕೊಡಗಿನ ಲೈನ್ ಮನೆಗೆ ಮಗುವಿನ ಚೀಲದಲ್ಲಿ ಕಳಿಸಬಹುದಾದ ನಾಲ್ಕು ಕಾರ್ಡು ಬರೆಯಲು ಈ ನಾಲ್ಕು ತಾಲ್ಲೂಕಿನ ಶಿಕ್ಷಕರಿಗೆ ಇಲಾಖೆ ಅನುಮತಿ ಕೊಡಲಿ. ಕಾಗದ, ಬಣ್ಣದ ಪೆನ್ನು, ತಿಂಗಳಿಗೊಂದು ಮಧ್ಯಾಹ್ನ ಸಾಕು. ಕೊಯ್ಲಿಗೆ ಹೊರಡುವ ಕುಟುಂಬಗಳು ಗಂಟು ಕಟ್ಟುವ ಮುಂಚೆ ಆ ಕಾರ್ಡುಗಳು ಸಿದ್ಧವಾಗಬೇಕು.