ಖಾಲಿ ತೋಟೆ ನೋಡಿ ಹಳೆ ಕೋವಿಯ ಆರೋಗ್ಯ ತಿಳಿಯಿರಿ

ಮಂಗ, ಹಂದಿಗಳ ಕಾಟ ಇರುವ ನಮ್ಮಂಥ ಊರುಗಳಲ್ಲಿ ಬೆಳೆ ರಕ್ಷಣೆಯ ಲೈಸನ್ಸಿನ ತೋಟೆ ಕೋವಿ ಹೊಸತಲ್ಲ. ಹೆಚ್ಚಿನವು ಅಜ್ಜನ ಕಾಲದ 12 ಬೋರಿನವು. ವರ್ಷಕ್ಕೆ ನಾಲ್ಕೈದು ಈಡು, ಅದೂ ಹೆದರಿಸಲಿಕ್ಕೆ. ಪಂಪಿಗೆ ಗ್ರೀಸು ಹಾಕುವಷ್ಟು ಗಮನವೂ ಅದಕ್ಕೆ ಸಿಗುವುದಿಲ್ಲ. ಪಂಪು ಕೆಟ್ಟರೆ ನೀರು ನಿಂತೀತು. ಕೋವಿ ಒಡೆದರೆ ಹೋಗುವುದು ನಳಿಗೆ ಹಿಡಿದ ಎಡಗೈ, ಇಲ್ಲವೇ ಕಣ್ಣು.

ಜೀಪಿನ ಟಯರಿನಲ್ಲಿ ಸುಮಾರು 2 ಬಾರ್ ಒತ್ತಡ ಇರುತ್ತದೆ. 12 ಬೋರಿನ ಸಾಮಾನ್ಯ ತೋಟೆಗೆ ಯುರೋಪಿನ ನಿಯಮ ಹಾಕಿದ ಮಿತಿ 740 ಬಾರ್. ಇಷ್ಟು ಒತ್ತಡ ತಡೆಯುವುದು ತೋಟೆ ಕೂರುವ ಗೂಡು, ಅಂದರೆ ಚೇಂಬರ್. ಮಿತಿ ಮೀರಿದರೆ ಕೋವಿ ಮೊದಲ ದಿನವೇ ಒಡೆಯಬೇಕೆಂದಿಲ್ಲ. ಹಲವು ಸಲ ಮುಂಚೆ ಸೂಚನೆ ಕೊಡುತ್ತದೆ. ಆ ಸೂಚನೆ ಇರುವುದು ನಾವು ಬಿಸಾಡುವ ಖಾಲಿ ತೋಟೆಯಲ್ಲಿ.

ಮೊದಲು ಅದರ ಬಾಯಿ ನೋಡಿ. ಅಂಚು ಹರಿದು, ನಾರು ಎದ್ದು, ಸುಟ್ಟಂತೆ ಇದ್ದರೆ ತೋಟೆ ನಿಮ್ಮ ಕೋವಿಗೆ ಉದ್ದವಾಗಿರುವ ಸಂಭವ ಹೆಚ್ಚು. ಹಳೆಯ ಬ್ರಿಟಿಷ್ ಕೋವಿಗಳಲ್ಲಿ ಬಹಳಷ್ಟು ಎರಡೂವರೆ ಇಂಚಿನ, ಅಂದರೆ 65 ಮಿ.ಮೀ. ತೋಟೆಯ ಚೇಂಬರಿನವು. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡೂಮುಕ್ಕಾಲು ಇಂಚಿನ 70 ಮಿ.ಮೀ. ತೋಟೆ. 'ಸಲೀಸಾಗಿ ಒಳಗೆ ಹೋಗ್ತದಲ್ಲ, ಮತ್ತೇನು?' ಅಂತ ಕೇಳುವವರುಂಟು. ಮೋಸ ಇರುವುದೇ ಇಲ್ಲಿ. ಪೆಟ್ಟಿಗೆಯ ಮೇಲೆ ಬರೆದದ್ದು ಈಡು ಹೋಗಿ ಬಾಯಿ ಬಿಚ್ಚಿದ ಮೇಲಿನ ಉದ್ದ. ಬಾಯಿ ಮಡಚಿದ ಹೊಸ ತೋಟೆ ಅದಕ್ಕಿಂತ ಗಿಡ್ಡ, ಹಾಗಾಗಿ ಎಲ್ಲದರಲ್ಲೂ ಕೂರುತ್ತದೆ. ಈಡು ಬಿಟ್ಟ ಗಳಿಗೆಯಲ್ಲಿ ಮಡಿಕೆ ಬಿಚ್ಚಿ ನಳಿಗೆಯ ಕಿರಿದಾದ ಭಾಗಕ್ಕೆ ಚಾಚುತ್ತದೆ, ಚರೆ ಹೋಗುವ ದಾರಿ ಇಕ್ಕಟ್ಟಾಗುತ್ತದೆ, ಹಿಂದೆ ಒತ್ತಡ ಏರುತ್ತದೆ. ಚೇಂಬರಿನ ಉದ್ದವನ್ನು ಬಲ್ಲವರಿಂದ ಒಮ್ಮೆ ಅಳೆಸಿ ಲೈಸನ್ಸ್ ಪುಸ್ತಕದ ಜೊತೆ ಚೀಟಿಯಲ್ಲಿ ಬರೆದಿಡಿ.

ಎರಡನೆಯದು ಹಿಂಬದಿಯ ಕೇಪು. ಸರಿಯಾದ ಈಡಿನಲ್ಲಿ ನಡುವೆ ಒಂದು ಗುಳಿ ಬಿದ್ದು ಕೇಪಿನ ಅಂಚು ಸ್ವಲ್ಪ ಗುಂಡಗೇ ಉಳಿಯುತ್ತದೆ. ಅಂಚು ಪೂರಾ ಚಪ್ಪಟೆಯಾಗಿ ಹಿತ್ತಾಳೆಗೆ ಸಮ ಕೂತಿದ್ದರೆ, ಸುತ್ತ ಮಸಿ ಹಿಡಿದಿದ್ದರೆ ಸಂಶಯಪಡಿ. ತೂತು ಬಿದ್ದಿದ್ದರೆ ಬಿಸಿ ಗಾಳಿ ಮುಖಕ್ಕೇ ಬರುತ್ತದೆ. ಇದಕ್ಕೆ ಒತ್ತಡವೇ ಕಾರಣ ಆಗಬೇಕೆಂದಿಲ್ಲ, ಕೇಪಿಗೆ ಹೊಡೆಯುವ ಪಿನ್ನು ಚೂಪಾಗಿದ್ದರೂ ಆದೀತು. ಎರಡರಲ್ಲಿ ಯಾವುದಾದರೂ ಆ ಕೋವಿ ಸದ್ಯಕ್ಕೆ ಬಳಕೆಗಲ್ಲ. ಕೇಪು ಚಂದ ಇದೆ ಅಂದ ಮಾತ್ರಕ್ಕೆ ಧೈರ್ಯವೂ ಬೇಡ. ರೈಫಲಿಗಿಂತ ತೋಟೆ ಕೋವಿಯ ಒತ್ತಡ ಬಹಳ ಕಡಿಮೆ. ಕೇಪು ಬಾಯಿಬಿಡುವ ಹೊತ್ತಿಗೆ ಕೋವಿ ಸಾಕಷ್ಟು ಪೆಟ್ಟು ತಿಂದಿರುತ್ತದೆ.

ನೆರೆಯ ಕೃಷಿಕರೊಬ್ಬರು ಕಳೆದ ಮಳೆಗಾಲದಲ್ಲಿ ಕೋವಿ ತಂದು, 'ಅಣ್ಣ, ಈಡು ಆದ ಮೇಲೆ ಬಿಡಿಸ್ಲಿಕ್ಕೇ ಆಗುದಿಲ್ಲ, ಮೊಣಕಾಲಿಗೆ ಕೊಟ್ಟು ಮುರೀಬೇಕು' ಅಂದರು. ನಾನು ಕೇಳಿದ್ದು ಒಂದೇ: ಹೊಸ ತೋಟೆ ಹಾಕುವಾಗಲೂ ಬಿಗಿಯೇ? ಹೌದಂತೆ. ಹಾಗಾದರೆ ತೋಟೆ ಥಂಡಿಗೆ ಉಬ್ಬಿದೆ ಅಥವಾ ಚೇಂಬರಿನಲ್ಲಿ ತುಕ್ಕಿದೆ. ನೋಡಿದರೆ ತುಕ್ಕು. ಹೊಸ ತೋಟೆ ತನ್ನ ಭಾರಕ್ಕೇ ಜಾರಿ ಕೂತು, ಈಡಿನ ನಂತರ ಮಾತ್ರ ಕಚ್ಚಿಕೊಂಡರೆ, ಹಿತ್ತಾಳೆ ಉಬ್ಬಿ ಬಿರಿದಿದ್ದರೆ, ಒತ್ತಡದ ಅನುಮಾನ ಗಟ್ಟಿ.

ಇನ್ನು ನಳಿಗೆ. ಕೋವಿ ಖಾಲಿ ಎಂದು ಎರಡು ಸಲ ಖಚಿತ ಮಾಡಿ, ಬಿಚ್ಚಿ, ಹಿಂದಿನಿಂದ ಆಕಾಶಕ್ಕೆ ಹಿಡಿದು ನೋಡಿ. ಒಳಗೆ ಬಳೆಯಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಹೊರಗಿನಿಂದ ಬೆರಳಾಡಿಸಿದರೂ ಗೊತ್ತಾದೀತು. ಯಾವಾಗಲೋ ಅಡ್ಡ ಏನೋ ಇದ್ದಾಗಲೇ ಈಡು ಹೋದ ಗುರುತು ಅದು. ಗೋಡೆಗೆ ತೂಗಿಟ್ಟ ನಳಿಗೆಯಲ್ಲಿ ಮಣ್ಣುಗೂಡು ಕಟ್ಟುವ ಕಣಜ ಮನೆ ಮಾಡಲು ಬಹಳ ದಿನ ಬೇಡ. ಈಡು 'ಪುಸ್' ಅಂದರೂ ಹಾಗೇ, ಒಳಗೆ ಬಿರಡೆ ಸಿಕ್ಕಿರಬಹುದು. ನಳಿಗೆ ನೋಡದೆ ಇನ್ನೊಂದು ತೋಟೆ ಹಾಕಬಾರದು. ಮನೆಯಲ್ಲಿ 20 ಬೋರಿನ ತೋಟೆಯೂ ಇದ್ದರೆ ಬೇರೆ ಪೆಟ್ಟಿಗೆಯಲ್ಲಿಡಿ. ಅದು 12 ಬೋರಿನ ಚೇಂಬರ್ ದಾಟಿ ಮುಂದೆ ಜಾರಿ ನಿಲ್ಲುತ್ತದೆ. ಖಾಲಿ ಅಂದುಕೊಂಡು ಹಿಂದೆ ಇನ್ನೊಂದು ತುರುಕಿದರೆ ನಳಿಗೆ ಸೀಳುತ್ತದೆ. ಅನೇಕ ದೇಶಗಳಲ್ಲಿ 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವುದು ಇದಕ್ಕೇ.

ನಳಿಗೆಯ ಮೈಮೇಲೆ ಮರದ ಗೆರೆಯಂಥ ಸುರುಳಿ ಚಿತ್ತಾರ ಇದ್ದರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು, ಹೆಚ್ಚಿನವು ಕರಿಮದ್ದಿನ ಕಾಲದವು. ಇವತ್ತಿನ ಹೊಗೆಯಿಲ್ಲದ ಮದ್ದಿನ ತೋಟೆ ಅದಕ್ಕೆ ಹಾಕದಿರುವುದೇ ಒಳ್ಳೆಯದು. ಊರಲ್ಲಿ ಕೈಯಿಂದ ತುಂಬಿಸಿದ ತೋಟೆಯನ್ನಂತೂ ಯಾವ ಕೋವಿಗೂ ಮುಟ್ಟಿಸಬೇಡಿ. ಕರಿಮದ್ದಿನ ಅಳತೆಯಲ್ಲಿ ಇನ್ನೊಂದು ಮದ್ದು ತುಂಬಿದರೆ ಅದು ಬಾಂಬೇ.

ಮೇಲಿನ ಒಂದು ಗುರುತು ಕಂಡರೂ ಅರ, ಮರಳು ಕಾಗದ ಹಿಡಿದು ನಾವೇ ಕೂರುವುದು ಬೇಡ. ಲೈಸನ್ಸ್ ಇರುವ ರಿಪೇರಿಯವರಿಗೆ ಕೋವಿಯ ಜೊತೆ ಖಾಲಿ ತೋಟೆಯನ್ನೂ, ಪೆಟ್ಟಿಗೆಯನ್ನೂ ಕೊಡಿ. ಚುನಾವಣೆಗೆ ಠೇವಣಿ ಇಟ್ಟ ಕೋವಿ ತಿಂಗಳುಗಟ್ಟಲೆ ಮೂಲೆಯಲ್ಲಿದ್ದು ತುಕ್ಕು ಹಿಡಿದೇ ಬರುವುದುಂಟು. ಕೊಡುವ ಮೊದಲು ಒಳಗೆ ಎಣ್ಣೆ ಬಟ್ಟೆ ಆಡಿಸಿ. ತಂದ ದಿನ ಆ ಎಣ್ಣೆ ಪೂರಾ ಒರೆಸಿ ತೆಗೆದು, ನಳಿಗೆಯಲ್ಲಿ ಆಕಾಶ ನೋಡಿಯೇ ಗೋಡೆಗೆ ಹಾಕಿ.